ಬೀಗರು ಕೊಟ್ಟ ಮಾತ್ರೆ

ಬಸವೇಶ್ವರನಗರದ ಈ ಪುಟ್ಟ ಕ್ಲಿನಿಕ್ಕಿನಲ್ಲಿ ಡಾಕ್ಟರಿಗಿಂತ ಮೊದಲು ಸಿಗುವವರು ಆಯಾ ಮುನಿಲಕ್ಷ್ಮಮ್ಮ. ಬೆಳಕು ಹರಿಯುವ ಹೊತ್ತಿಗೆ ಮೂಡಲಪಾಳ್ಯದಿಂದ ನಡೆದು ಬಂದು, ಕಸ ಗುಡಿಸಿ, ಬೆಂಚು ಒರೆಸಿ, ಸ್ಟೀಲ್ ತಟ್ಟೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ಕಾಣಿಕೆಯ ತಟ್ಟೆಯೆಂದುಕೊಂಡು ಚಿಲ್ಲರೆ ಹಾಕಿದ ಪುಣ್ಯಾತ್ಮರೂ ಇದ್ದಾರಂತೆ!

"ಕಾಸು ಬೇಡ ಸ್ವಾಮಿ, ಮನೇಲಿ ನುಂಗೋ ಮಾತ್ರೆ ಎಲ್ಲಾ ಇದಕ್ಕೆ ಸುರೀರಿ" ಎನ್ನುವುದು ಅವರ ವರಸೆ.

ಮನೆಯವರ ಹೊಲ ಬಡಾವಣೆಯಾದ ಮೇಲೆ ಈ ಕೆಲಸಕ್ಕೆ ಸೇರಿದವರು. ಓದು ಬರಹ ಬಾರದು. "ಮಾತ್ರೆ ಹೆಸರೆಲ್ಲ ಡಾಕ್ಟರಮ್ಮಂಗೆ ಬಿಟ್ಟಿದ್ದು. ಜನ ಅವರ ಹತ್ರ ಹೆದರ್ತಾರೆ, ನನ್ನ ಹತ್ರ ಹರಟ್ತಾರೆ, ಅಷ್ಟೇ" ಎಂದು ನಗುತ್ತಾರೆ.

ಇವರ ಬಗ್ಗೆ ಬರೆಯಲೆಂದು ನಾನು ಹೋದ ದಿನ ಮೊದಲು ಬಂದವರು ಕರಿಬಸಪ್ಪ. ಎದೆ ಡವಗುಟ್ಟುವ ಕಾಯಿಲೆಗೆ ಇಲ್ಲೇ ಔಷಧ ಪಡೆಯುವ ನಿವೃತ್ತ ಕಾರ್ಮಿಕರು. ಮುಖ ಬಿಳಿಚಿಕೊಂಡಿದೆ, ನಿಂತರೆ ಕಣ್ಣು ಕತ್ತಲಿಡುತ್ತದಂತೆ. ತಟ್ಟೆಗೆ ಒಂದೇ ಪೊಟ್ಟಣ ಬೀಳುತ್ತದೆ. ಮುನಿಲಕ್ಷ್ಮಮ್ಮನ ಕಣ್ಣು ಅವರ ಅಂಗಿ ಜೇಬಿನಿಂದ ಇಣುಕುವ ಇನ್ನೊಂದು ಪೊಟ್ಟಣದ ಮೇಲೆ.

"ಜೇಬಲ್ಲಿರೋದು ಯಾರು ಕೊಟ್ಟಿದ್ದಣ್ಣಾ?"

"ನಮ್ಮ ಬೀಗ್ರು ಗುರುಸಿದ್ದಯ್ಯ ಕಣಮ್ಮ. ಅವರಿಗೂ ಹಿಂಗೇ ಆಗ್ತಿತ್ತಂತೆ, ಇದ್ರಲ್ಲಿ ವಾಸಿ ಆಯ್ತಂತೆ. ಮಗಳನ್ನ ಕೊಟ್ಟ ಮನೆ, ಬೇಡ ಅನ್ನೋಕಾಗುತ್ತಾ? ಎರಡೂ ತಗೋತಿದೀನಿ. ಡಾಕ್ಟರಮ್ಮಂಗೆ ಹೇಳ್ಬೇಡಿ, ಬೇಜಾರು ಮಾಡ್ಕೋತಾರೆ."

"ಬೀಗರ ಮನೇಲಿ ಹೋಳಿಗೆ ತಿನ್ನಿ, ಬೇಡ ಅಂದೋರ್ಯಾರು!" ಎನ್ನುತ್ತಲೇ ಜೇಬಿನದನ್ನೂ ತಟ್ಟೆಗೆ ಹಾಕಿಸಿಕೊಂಡು ಒಳಗೆ ಓಡುತ್ತಾರೆ.

ಡಾಕ್ಟರ್ ಅಂಬುಜಾ ತಟ್ಟೆ ನೋಡಿ, ನಾಡಿ ಹಿಡಿದವರೇ ಎದುರಿನ ಅಂಗಡಿಯಿಂದ ಆಸ್ಪತ್ರೆಗೆ ಫೋನು ಮಾಡುತ್ತಾರೆ. ಆಟೋದಲ್ಲಿ ತಾವೂ ಜೊತೆಗೆ ಹೋಗುತ್ತಾರೆ. ಎರಡೂ ಎದೆಬಡಿತ ನಿಧಾನಿಸುವ ಮಾತ್ರೆಗಳು, ಜೊತೆಗೆ ನುಂಗಿದರೆ ಬಡಿತ ನಿಂತೇ ಹೋಗಬಹುದು ಎಂದು ಆಮೇಲೆ ವಿವರಿಸಿದರು. ಇಂಥ ಔಷಧವನ್ನು ಡಾಕ್ಟರನ್ನು ಕೇಳದೆ ಸೇರಿಸಲೂ ಬಾರದು, ಬಿಡಲೂ ಬಾರದಂತೆ. ಕೇಳಿ ನನಗೆ ನಿಜವಾಗಿಯೂ ಭಯವಾಯಿತು.

ಮುಂದಿನ ವಾರ ಹೋದರೆ ಕರಿಬಸಪ್ಪ ಬೆಂಚಿನ ಮೇಲೆ ಕಾಫಿ ಹೀರುತ್ತಿದ್ದಾರೆ. ಅಬ್ಬಾ, ಜೀವ ಬಂತು! ಪಕ್ಕದಲ್ಲಿ ತಲೆ ತಗ್ಗಿಸಿ ಕೂತವರು ಬೀಗರು ಗುರುಸಿದ್ದಯ್ಯ.

"ನನ್ನ ಕೈಯಾರೆ ಇವ್ರನ್ನ ಕಳ್ಕೋತಿದ್ನಲ್ಲಮ್ಮ" ಎನ್ನುತ್ತಾರೆ.

"ಪ್ರೀತಿಗೆ ಕೊಟ್ರಿ, ಬಿಡಿ ಯಜಮಾನ್ರೇ. ಇನ್ಮೇಲೆ ಬಾಳೆಹಣ್ಣು ಕೊಡಿ." ಬೆಂಚೆಲ್ಲ ನಗುತ್ತದೆ, ಗುರುಸಿದ್ದಯ್ಯನವರೂ ನಗುತ್ತಾರೆ.

ನಿಮಗೇನಾದರೂ ಆಸೆಯಿದೆಯೇ ಎಂದು ಮುನಿಲಕ್ಷ್ಮಮ್ಮನನ್ನು ಕೇಳುತ್ತೇನೆ.

"ಇವರ ಮೊಮ್ಮಗು ನಾಮಕರಣಕ್ಕೆ ನನ್ನೂ ಕರ್ದಿದಾರೆ ಸಾರ್. ಹೋಗಿ ಕಣ್ತುಂಬ ನೋಡ್ಬೇಕು. ತೊಟ್ಟಿಲು ತೂಗೋಕೆ ಇಬ್ಬರು ತಾತಂದಿರೂ ಇರ್ತಾರೆ, ಸಾಮಾನ್ಯವಾ?"