ಅಗಸ ಹೆಬಿಯ ಮಗ ಬಟ್ಟಲಲ್ಲಿ ಬರೆದದ್ದು

ವಾಸೆತ್ ಪಟ್ಟಣದ ನದಿಯ ಪಶ್ಚಿಮ ದಡದಲ್ಲಿ ಕರಣಿಕ ಪಾಶೆದುವಿನಷ್ಟು ಅಂದವಾಗಿ ಹಳೆಯ ಭಾಷೆ ಬರೆಯುವವರು ಇನ್ನೊಬ್ಬರಿರಲಿಲ್ಲ. ಅವನ ಹಾಗೆ ಅಪ್ಪನ ಹೆಸರೆತ್ತದೆ ಬದುಕಿದವರೂ ಇರಲಿಲ್ಲ.

ಅಪ್ಪ ಹೆಬಿ ಅಗಸ. ಮೊಸಳೆ ಇರುವ ಮಡುವಿನಲ್ಲಿ ಮಂಡಿಯುದ್ದ ನೀರಲ್ಲಿ ನಿಂತು ಊರವರ ಕೊಳೆ ಬಟ್ಟೆ ಒಗೆದು, ಮಗನನ್ನು ದೇವಾಲಯದ ಶಾಲೆಗೆ ಸೇರಿಸಿದ್ದ. ಅಲ್ಲಿ ಮೊದಲು ಮಾಡುತ್ತಿದ್ದದ್ದು ಮಕ್ಕಳ ಬಾಯಿ ತಿದ್ದುವ ಕೆಲಸ. ಹಳೆಯ ಬರಹದಲ್ಲಿ ಮನೆ ಎಂದರೆ ಬರೀ ಮನೆ, ನೀರು ಎಂದರೆ ಬರೀ ನೀರು. ಊರವರ ಬಾಯಲ್ಲೋ ಎಲ್ಲದರ ಮುಂದೂ ಒಂದು 'ಪಾ', ಇಲ್ಲವೇ 'ತಾ', ಇಲ್ಲವೇ 'ನಾ', ಅಂದರೆ 'ಆ': ಆ ಮನೆ, ಆ ನೀರು, ಆ ಕತ್ತೆಗಳು.

"ನಮ್ಮ ತಾತನ ಕಾಲದಲ್ಲಿ ಬೆರಳು ಮಾಡಿ ತೋರ್ಸೋವಾಗ ಮಾತ್ರ ಹಂಗಂತಿದ್ರು," ಎಂದು ಗುರು ಗೊಣಗುತ್ತಿದ್ದ. "ಈಗ ಕಣ್ಣಿಗೆ ಕಾಣದೇ ಇರೋದಕ್ಕೂ ಅಂಟಿಸ್ತಾರೆ. ನಿಮ್ಮ ಬರಹದಲ್ಲಿ ಅದು ಕಾಣಿಸ್ತೋ, ಬೆನ್ನಿನ ಚರ್ಮ ಸುಲೀತೀನಿ."

ಪಾಶೆದುವಿನ ಹೆಸರಿನ ತಲೆಯ ಮೇಲೇ ಆ 'ಪಾ' ಕೂತಿತ್ತು. ಅದನ್ನು ಕಿತ್ತುಹಾಕಿ ಬರೀ ಶೆದು ಎಂದು ಬರೆದುಕೊಳ್ಳತೊಡಗಿದ.

ಒಂದು ಮಧ್ಯಾಹ್ನ ಹೆಬಿ ಶಾಲೆಯ ಬಾಗಿಲಿಗೆ ಬಂದ. ಉಟ್ಟ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೈಯಲ್ಲಿ ರೊಟ್ಟಿ, ಈರುಳ್ಳಿ.

"ಆ ನನ್ ಮಗ ಎಲ್ಲವ್ನೆ? ಆ ರೊಟ್ಟಿ ಮರ್ತ್ ಬಂದವ್ನೆ. ಆ ಹೊಟ್ಟೆ ಹಸ್ದಿರ್ತೈತೆ."

ಒಳಗೆ ಕಿಸಕಿಸ ನಗೆ ಎದ್ದಿತು. "ಯಾರೋ ಅದು?" ಎಂದು ಪಕ್ಕದವನು ತಿವಿದ.

"ನಮ್ಮನೆ ಬಟ್ಟೆ ಒಗೆಯೋನು," ಎಂದ ಪಾಶೆದು.

ಹೆಬಿಯ ಕಿವಿಗೆ ಅದು ಬಿತ್ತು. "ಹೂಂ ಸ್ವಾಮಿ, ಬಟ್ಟೆ ಒಗೆಯೋನೇ," ಎಂದು ರೊಟ್ಟಿಯನ್ನು ಹೊಸ್ತಿಲ ಮೇಲಿಟ್ಟು ಹೊರಟುಹೋದ. ಆಮೇಲೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಸಾಯುವವರೆಗೂ ಮಗನ ಮುಂದೆ ಆ ಮಾತು ಎತ್ತಲಿಲ್ಲ. ಸತ್ತಾಗ ಅಗಸರು ಅವನನ್ನು ಚಾಪೆಯಲ್ಲಿ ಸುತ್ತಿ ಮರಳಂಚಿನಲ್ಲಿ ಹೂಳಿದರು. ಪಾಶೆದು ಎಲ್ಲರಿಗಿಂತ ಹಿಂದೆ, ಬೇರೆ ಯಾರದೋ ಸಾವಿಗೆ ಬಂದವನ ಹಾಗೆ ನಿಂತಿದ್ದ. ಅಪ್ಪನ ಕ್ಷಮೆ ಕೇಳಬೇಕೆಂದು ವರ್ಷ ವರ್ಷವೂ ಅಂದುಕೊಂಡ, ನಾಚಿಕೆ ಬಿಡಲಿಲ್ಲ.

ಹೀಗಿರುವಾಗ ಕಲ್ಲುಕುಟಿಗ ನೆಬ್ರೆಯ ವಿಧವೆ ಹುನೆರೊ ಮಣ್ಣಿನ ಬಟ್ಟಲು ಹಿಡಿದು ಬಂದಳು. ಮನೆಗೆ ಕಷ್ಟ ಬಂದರೆ ಸತ್ತವರಿಗೆ ಬರೆಯುವುದು ನಮ್ಮಲ್ಲಿ ರೂಢಿ. ಬಟ್ಟಲ ಒಳಗೆ ಬರೆದು, ಮೇಲೆ ರೊಟ್ಟಿ ತುಂಬಿ, ಗೋರಿಯ ಬಾಗಿಲಲ್ಲಿ ಓದಿ ಇಡುತ್ತಾರೆ. ರೊಟ್ಟಿ ತಿಂದು ಮುಗಿಸಿದವರಿಗೆ ತಳದಲ್ಲಿ ಮಾತು ಸಿಗುತ್ತದೆ.

"ಬರೀರಿ ಅಯ್ಯಾ," ಎಂದಳು. "ನೆಬ್ರೆ, ಆ ಮಗೀಗೆ ಒಂಬತ್ತು ದಿನದಿಂದ ಜ್ವರ. ಆ ಚಾಪೆ ಬಿಟ್ಟು ಏಳ್ತಿಲ್ಲ. ನೀನು ಹಾಯಾಗಿ ಬಿದ್ಕೊಂಡಿದ್ರೆ ಆಯ್ತಾ? ನಿಮ್ಮವ್ವನೂ ಅಲ್ಲೇ ಅವ್ಳಲ್ಲ, ಇಬ್ರೂ ಸೇರಿ ಆ ಪೀಡೆ ಓಡ್ಸಿ. ಇಲ್ಲಾಂದ್ರೆ ಇನ್ಮೇಲೆ ರೊಟ್ಟಿ ಇಲ್ಲ."

ಪಾಶೆದು ಮನಸ್ಸಿನಲ್ಲೇ ಮೂಗು ಮುರಿದು, ಹಳೆಯ ಭಾಷೆಯಲ್ಲಿ ಬರೆದ. ನೆಬ್ರೆಯ ಗೋರಿಯ ಬಳಿ ಅದನ್ನು ಗಂಭೀರವಾಗಿ ಓದಿದ: "ಮೃತರ ದೇವನಾದ ಪಶ್ಚಿಮದೊಡೆಯನ ಸನ್ನಿಧಿಯಲ್ಲಿ ಸುಖಾಸೀನನಾದ ಮಹನೀಯನೆ, ಶಿಶು ತಾಪಪೀಡಿತವಾಗಿದೆ. ಕೃಪೆದೋರು."

ಹುನೆರೊ ತನ್ನ ಮಾತು ಬರಲೆಂದು ಕಾದಳು. "ಇದ್ಯಾರ್ದು ಅಯ್ಯಾ?"

"ನೀನೇ ಹೇಳಿದ್ದಲ್ವಾ?"

"ನಾನಾ? ಇಂಥ ಮಾತು ಕೇಳಿದ್ರೆ ನನ್ ಗಂಡಂಗೆ ಕೈಕಾಲು ನಡುಗ್ತಿತ್ತು. ಯಾರೋ ದೊಡ್ಡೋರು ಬಂದ್ರು ಅಂತ ಎದ್ದು ಕೈ ಕಟ್ಕೊಂಡು ನಿಂತ್ಕೋತಾನೆ. ರೊಟ್ಟಿನೂ ಮುಟ್ಟಲ್ಲ." ಆಮೇಲೆ ಮೆಲ್ಲಗೆ ಹೇಳಿದಳು: "ನಿಮ್ಮಪ್ಪ ಹೆಬಣ್ಣನೂ ಹಂಗೇ ಅಲ್ವಾ ಅಯ್ಯಾ? ದೊಡ್ಡೋರ ಮಾತು ಕಿವಿಗೆ ಬಿದ್ರೆ ಹಿಂದಕ್ ಸರಿದು ನಿಲ್ಲೋನು."

ಚುಚ್ಚಬೇಕೆಂದು ಆಡಿದ ಮಾತಲ್ಲ ಅದು. ಹಾಗಾಗಿಯೇ ಪಾಶೆದುವಿಗೆ ನಿಂತಲ್ಲೇ ಭೂಮಿಗಿಳಿದು ಹೋಗಬೇಕೆನಿಸಿತು. ಅಷ್ಟು ವರ್ಷ ಅವನು ಮುಚ್ಚಿಟ್ಟದ್ದು ಇಡೀ ದಡಕ್ಕೆ ಗೊತ್ತಿತ್ತು. ಮಗು ಜ್ವರದಲ್ಲಿ ಬೇಯುತ್ತಿರುವಾಗ ತಾನು ತನ್ನ ಜಾಣತನ ಮೆರೆಸುತ್ತಿದ್ದೆ ಎನಿಸಿ ಮುಖ ಎತ್ತಲಾಗಲಿಲ್ಲ.

ರೊಟ್ಟಿ ತೆಗೆದಿಟ್ಟ. ಹೆಬ್ಬೆರಳು ಒದ್ದೆ ಮಾಡಿಕೊಂಡು ಮಸಿ ಒರೆಸಿದ. ಅವಳ ಮಾತನ್ನು ಒಂದು 'ಆ' ಕೂಡ ಬಿಡದೆ, ಕೊನೆಯ ಬೆದರಿಕೆಯನ್ನೂ ಸೇರಿಸಿ ಬರೆದ. ಶಾಲೆಯಲ್ಲಿ ಪಳಗಿದ ಕೈ ಹಿಂಜರಿಯುತ್ತಿತ್ತು, ಆದರೂ ಬರೆದ. ಓದಿದಾಗ ಹುನೆರೊ ಅತ್ತಳು. "ಹೂಂ, ಈಗ ಕೇಳಿಸ್ಕೋತಾನೆ," ಎಂದಳು.

ನಾಲ್ಕನೆಯ ದಿನ ಮಗು ಎದ್ದು ಕೂತು ಖರ್ಜೂರ ಕೇಳಿತಂತೆ. ಅವಳು ಹೇಳಿಕಳಿಸಿದಾಗ ಪಾಶೆದು ಮನೆಯಲ್ಲಿರಲಿಲ್ಲ. ಒಂದು ಬಟ್ಟಲು, ರೊಟ್ಟಿ, ಈರುಳ್ಳಿ ಹಿಡಿದು ಅಗಸರ ದಾರಿಯ ಪಕ್ಕದ ಮರಳಂಚಿಗೆ ಹೋಗಿದ್ದ. ಅಪ್ಪನಿಗೆ ಅಕ್ಷರ ಬಾರದು, ಗಟ್ಟಿಯಾಗಿಯೇ ಓದಬೇಕು. ಮೂಟೆ ಹೊತ್ತ ಅಗಸರು ನಿಂತು ನೋಡಿದರು.  ಅವರ ಮುಂದೆಯೇ ಓದಿದ.

"ಅಪ್ಪಾ, ಆ ಶಾಲೆ ಬಾಗ್ಲಲ್ಲಿ ಆವತ್ತು ನಮ್ಮನೆ ಬಟ್ಟೆ ಒಗೆಯೋನು ಅಂದೋನು ನಾನೇ. ಆ ರೊಟ್ಟೀನ ನಾನು ತಿನ್ನಲಿಲ್ಲ, ಆ ಹುಡುಗ್ರ ಮುಂದೆ ನಾಯಿಗೆ ಎಸೆದೆ. ಈ ರೊಟ್ಟಿ ನೀನು ತಿನ್ನು. ನಿನ್ ಮಗ, ಪಾಶೆದು."

ಒಬ್ಬ ಮುದಿ ಅಗಸ ಮೂಟೆ ಇಳಿಸಿ ಹತ್ತಿರ ಬಂದ.

"ಆವತ್ತು ಹೆಬಿ ಮಡುವಿಗೆ ಬಂದು ನಮ್ಗೆಲ್ಲ ಹೇಳ್ದ ಕಣಪ್ಪ. ನನ್ ಮಗ ಈಗ ದೊಡ್ಡೋರ ಭಾಷೆ ಆಡ್ತಾನೆ, ಏನೋ ಅಂದ, ನಂಗೆ ಒಂದೂ ಅರ್ಥ ಆಗ್ಲಿಲ್ಲ ಅಂತ. ಎಷ್ಟು ಹಿಗ್ಗಿದ್ದ ಗೊತ್ತಾ?"

ಪಾಶೆದು ರೊಟ್ಟಿ ತುಂಬಿದ ಬಟ್ಟಲನ್ನು ಮರಳ ಮೇಲಿಟ್ಟ. 'ಹೂಂ ಸ್ವಾಮಿ' ಅಂದಿದ್ದ ಅಪ್ಪನಿಗೆ ಎಲ್ಲವೂ ಅರ್ಥವಾಗಿತ್ತೆಂದು ಅವನಿಗೆ ಗೊತ್ತಿತ್ತು.