ಕಿತ್ತುಹಾಕಿದ ಮೂರನೇ ಪಿನ್ನು

ಆ ದಿನ ನಮ್ಮ ಅಕ್ಕ ಸತ್ತೇ ಹೋಗಬಹುದಿತ್ತು. ಆ ಕೆಲವು ಕ್ಷಣಗಳು ಈಗಲೂ ನನ್ನೊಳಗೆ ಮತ್ತೆ ಮತ್ತೆ ನಡೆಯುತ್ತವೆ. ಅಷ್ಟೇ ಸಲ ಭಾವನ ಮುಖವೂ ಕಾಣುತ್ತದೆ.

ನಾನು ಕಡೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕ. ಅಜ್ಜಂಪುರದ ಮನೆಗೆ ಬರುವ ಬಸ್ಸಿನಲ್ಲಿ ಲ್ಯಾಪ್‌ಟಾಪು ಮೇಲಿನಿಂದ ಬಿದ್ದು ಪರದೆ ಒಡೆದಿತ್ತು. ಹುಡುಗರ ಆಂತರಿಕ ಅಂಕಗಳೆಲ್ಲ ಅದರೊಳಗೇ ಇದ್ದವು. ಸಂಜೆಯೊಳಗೆ ಅವನ್ನು ಕಳಿಸಬೇಕಿತ್ತು. ಬೇರೊಂದು ಮಾನಿಟರ್ ಸಿಕ್ಕಿಸಿದರೆ ಸಾಕಾಗುವ ಕೆಲಸ ಎಂದು ಅಮ್ಮನಿಗೆ ಹೇಳಿದ್ದೇ ತಪ್ಪಾಯಿತು. ಅಮ್ಮ ತರೀಕೆರೆಗೆ ಫೋನ್ ಮಾಡಿ ಅಳಿಯನಿಗೆ ಹೇಳಿಬಿಟ್ಟಳು.

ಭಾವ ತರೀಕೆರೆಯಲ್ಲಿ ಪಂಪ್‌ಸೆಟ್ ಮಾರುತ್ತಾರೆ. ಮಾರುತ್ತಾರೆ ಅಷ್ಟೆ, ಬಿಚ್ಚಿ ನೋಡಿದವರಲ್ಲ. ಆದರೂ ಕರೆಂಟಿನ ವಿಷಯದಲ್ಲಿ ನಮ್ಮ ಮನೆಗೆ ಅವರದೇ ಕೊನೆಯ ಮಾತು. ಮುಚ್ಚಿಹೋದ ಸೈಬರ್ ಅಂಗಡಿಯೊಂದರಿಂದ ಹಳೇ ಮಾನಿಟರ್ ಹೊತ್ತುಕೊಂಡು, ಅಕ್ಕನನ್ನೂ ಕರೆದುಕೊಂಡು, ಹನ್ನೊಂದಕ್ಕೆಲ್ಲ ಬಂದರು. ಅದರ ಹಿಂಬದಿಯೆಲ್ಲ ತಗಡು. ನಮ್ಮ ಹಾಲ್‌ನ ಹಳೇ ಸ್ವಿಚ್ ಬೋರ್ಡಿನಲ್ಲಿ ಎರಡೇ ತೂತು. ಭಾವ ಕಟಿಂಗ್ ಪ್ಲೇಯರ್ ತರಿಸಿ ಪ್ಲಗ್ಗಿನ ಮೂರನೇ ಪಿನ್ನನ್ನು ತಿರುಚಿ ಕಿತ್ತು ಹಾಕಿದರು.

"ಈ ದಪ್ಪ ಪಿನ್ನು ಬಿಗಿಯಾಗಿ ಕೂತ್ಕೊಳ್ಳಕ್ಕೆ ಅಷ್ಟೇ ಕಣಯ್ಯ. ಕರೆಂಟ್ ಬರೋದು ಕೆಳಗಿನ ಎರಡ್ರಲ್ಲೇ."

ಅದು ತಗಡಿಗೆ ಹರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಎಂದು ವಾರಕ್ಕೆರಡು ಸಲ ಬೋರ್ಡಿನ ಮೇಲೆ ಬರೆದು ತೋರಿಸುವವನು ನಾನು. ಬಾಯಿ ತೆರೆದೆ. ಬಾಗಿಲ ಹತ್ತಿರ ನಿಂತಿದ್ದ ಅಮ್ಮ ಕಣ್ಣಲ್ಲೇ ಬೇಡ ಎಂದಳು. ಮನೆಯ ಅಳಿಯನಿಗೆ ಎದುರು ಹೇಳುವುದು ನಮ್ಮಲ್ಲಿಲ್ಲ. ಬಾಯಿ ಮುಚ್ಚಿದೆ.

ಮಾನಿಟರ್ ಹತ್ತಿಕೊಂಡಿತು. ಆದರೆ ಅದರಲ್ಲಿ ಬರೀ ನೀಲಿ ಹಿನ್ನೆಲೆ. ಬೇಕಾದ್ದೆಲ್ಲ ಒಡೆದ ಪರದೆಯಲ್ಲೇ ಉಳಿದಿತ್ತು. ಎರಡು ಕೀಲಿ ಒಟ್ಟಿಗೆ ಒತ್ತಿ ಬದಲಾಯಿಸಬೇಕಷ್ಟೇ ಎಂದು ಮೊಬೈಲಿನಲ್ಲಿ ಹುಡುಕಿ ಹೇಳಿದೆ. ಕೀಲಿ ಒತ್ತಿದರೆ ವೈರು ಸರಿಹೋಗುತ್ತದೇನೋ ಮೇಷ್ಟ್ರೇ ಎಂದು ಭಾವ ನಕ್ಕರು. ಹದಿನೈದು ಎಚ್‌ಪಿ ಮೋಟರು ಮಾರುವವರಿಗೆ ವೈರು ಲೂಸಾಗಿದ್ದು ಗೊತ್ತಾಗುವುದಿಲ್ಲವೇ? ಅದನ್ನು ಯಾರಾದರೂ ಹಿಂದಿನಿಂದ ಒತ್ತಿ ಹಿಡಿಯಬೇಕಿತ್ತು. ಅವರು ಮುಂದೆ ನಿಂತು ನೋಡಬೇಕಿತ್ತು.

"ಏಯ್, ಬಾ ಇಲ್ಲಿ. ಇದನ್ನ ಹಿಡ್ಕೋ."

ಪಾತ್ರೆ ತೊಳೆಯುತ್ತಿದ್ದ ಅಕ್ಕ ಒದ್ದೆ ಕೈಯಲ್ಲೇ, ಬರಿಗಾಲಲ್ಲೇ ಬಂದು, ಹಿಂಬದಿಯ ತಗಡಿಗೆ ಕೈಯೂರಿ ವೈರು ಹಿಡಿದಳು.

ಅವಳು ಕೂಗಲಿಲ್ಲ. ಗಂಟಲಿಂದ ಸಣ್ಣದೊಂದು ಗೊರಗೊರ ಸದ್ದು ಬಂತು, ಮೊಣಕೈ ಅದುರತೊಡಗಿತು. ಬೆರಳು ಬಿಡುತ್ತಿರಲಿಲ್ಲ. ಭಾವ ಎರಡು ಹೆಜ್ಜೆ ಹಿಂದೆ ಹೋದರು. ನಾನು ವೈರು ಹಿಡಿದು ಜಗ್ಗಿದೆ, ಪ್ಲಗ್ಗು ಕಿತ್ತು ಬಂತು. ಅಕ್ಕ ಗೋಡೆಗೆ ಒರಗಿ ಕುಸಿದಳು.

"ನಾನು ಮುಟ್ಟಿದ್ರೆ ನಂಗೂ ಹೊಡೀತಿತ್ತು," ಅಂದರು ಭಾವ. ಇಡೀ ದಿನದಲ್ಲಿ ಅವರು ಹೇಳಿದ ಒಂದೇ ಸರಿಯಾದ ಮಾತು ಅದು. ಅಮ್ಮ ಅಕ್ಕನಿಗೆ ನೀರು ಕೊಟ್ಟು, ಪಾಪ ಹೆದರಿದ್ದಾರೆಂದು ಅಳಿಯನಿಗೆ ಕಾಫಿ ತಂದಳು. ಕಾಫಿ ಕುಡಿದು ಅವರು, ಕೈ ಒದ್ದೆ ಇಟ್ಟುಕೊಂಡು ಬಂದರೆ ಇನ್ನೇನಾಗುತ್ತೆ ಎಂದು ಅಕ್ಕನನ್ನೇ ಗದರಿದರು. ಕರೆದವರು ಯಾರೆಂದು ಮರೆತೇಹೋಗಿತ್ತು.

ಅಕ್ಕನನ್ನು ಡಾಕ್ಟರಿಗೆ ತೋರಿಸಿದೆವು. ಏನೂ ಆಗಿಲ್ಲ, ಮಲಗಲಿ ಎಂದರು. ನಾನು ಲ್ಯಾಪ್‌ಟಾಪು ಹಿಡಿದು ಬೀರೂರಿನ ಮೇಲೆ ಕಡೂರಿಗೆ ಹೋದೆ. ಸ್ಟಾಫ್ ರೂಮಿನ ಮಾನಿಟರಿಗೆ ಸಿಕ್ಕಿಸಿ ಎರಡು ಕೀಲಿ ಒತ್ತಿದೆ. ಅಂಕಪಟ್ಟಿ ಎದುರಿಗೆ ಬಂತು. ಒಂದು ನಿಮಿಷವೂ ಹಿಡಿಯಲಿಲ್ಲ. ಅದನ್ನು ಕಳಿಸಿದೆ.

ಸಂಜೆ ಅಕ್ಕನ ಫೋನು ಬಂತು. ಬೆರಳು ಇನ್ನೂ ಜೋಮು ಹಿಡಿದಂತಿದೆ ಎಂದಳು. ವೈರು ಕಿತ್ತು ಹೆಂಡತಿಯನ್ನು ಉಳಿಸಿದವರು ತಾವೇ ಎಂದು ಭಾವ ಪಕ್ಕದ ಮನೆಯವರಿಗೆ ಹೇಳುತ್ತಿದ್ದಾರಂತೆ, ಅಮ್ಮ ಹೂಂಗುಟ್ಟುತ್ತಿದ್ದಾಳಂತೆ. ನನಗೆ ಮೈಯೆಲ್ಲ ಉರಿಯಿತು. ಅವರ ಬಗ್ಗೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಆ ಪಿನ್ನು ಕಿತ್ತಿದ್ದು ತಪ್ಪು ಅಂತ ನಿಂಗೆ ಆಗ್ಲೇ ಗೊತ್ತಿತ್ತೇನೋ?"

ಗೊತ್ತಿತ್ತು ಅಂದೆ.



"ಸರಿ, ಬೇಗ ಬಾ. ಊಟಕ್ಕೆ ಅವ್ರು ನಿನ್ನೇ ಕಾಯ್ತಾವ್ರೆ."