ವ್ಯಾನಿನ ಹಂಡೆಗೆ ಹುಣಸೆಹುಳಿ

ನಮ್ಮತ್ತೆ ತಮ್ಮ ಅಕ್ಕನ ಮುಖ ನೋಡಿ ನಾಲ್ಕು ವರ್ಷವಾಗಿತ್ತು. ಅಕ್ಕ ಇರುವುದು ಬೀದರಿನಲ್ಲಿ, ಮಗಳ ಮನೆಯಲ್ಲಿ, ನಾವಿರುವುದು ರಾಜ್ಯದ ಈ ತುದಿಯಲ್ಲಿ, ಲಕ್ಷ್ಮೀಪುರಂನಲ್ಲಿ. ರೈಲು ಹತ್ತೋಣವೆಂದರೆ ಅತ್ತೆಯ ಮಂಡಿ ಒಪ್ಪದು, ದಾರಿಯಲ್ಲಿ ಲಾಡ್ಜು ಹಿಡಿಯೋಣವೆಂದರೆ ಬಚ್ಚಲು ಜಾರುತ್ತದೆಂಬ ಭಯ. ಅವರದು ಒಂದೇ ಷರತ್ತು: ಬೆಳಿಗ್ಗೆ ಬಿಸಿನೀರು ಮೈಮೇಲೆ ಬೀಳಬೇಕು, ಆಮೇಲೇ ಕಾಫಿ. ಎಂಬತ್ತೊಂದು ವರ್ಷದಲ್ಲಿ ಅದು ತಪ್ಪಿದ ದಿನಗಳನ್ನು ಅವರು ಬೆರಳೆಣಿಸಿ ಹೇಳಬಲ್ಲರು, ತಪ್ಪಿಸಿದವರ ಹೆಸರು ಸಮೇತ.

ಆ ಷರತ್ತಿಗೆ ಉತ್ತರವಾಗಿ ಮನೆ ಮುಂದಿನ ಹೊಂಗೆ ಮರದಡಿ ನಮ್ಮ ವ್ಯಾನು ನಿಂತಿತ್ತು. ನನ್ನ ಯಜಮಾನರು ರಿಟೈರಾದ ಮೇಲೆ ಹಳೇ ಟೆಂಪೋ ಟ್ರಾವೆಲರ್ ಒಂದನ್ನು ತಂದು, ಉದಯಗಿರಿಯ ಮೆಕ್ಯಾನಿಕ್ ಒಬ್ಬರ ಶೆಡ್ಡಿನಲ್ಲಿ ಮೂರು ತಿಂಗಳು ಎದುರಿಗೇ ಕೂತು, ಅದರೊಳಗೆ ಮಲಗಲು ಮಂಚ, ಒಂದು ಒಲೆ, ಬೀರುವಿನಷ್ಟಗಲದ ಬಚ್ಚಲು ಮಾಡಿಸಿದ್ದರು. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ, ಕೂರಲು ಮಣೆ. ಸೀಟಿನ ಕೆಳಗೆ ಹತ್ತು ಲೀಟರಿನ ಗೀಸರು. ಅತ್ತೆ ಅದನ್ನು ಒಂದು ದಿನವೂ ಗೀಸರ್ ಅನ್ನಲಿಲ್ಲ. ಅವರ ಬಾಯಲ್ಲಿ ಅದು ವ್ಯಾನಿನ ಹಂಡೆ.

ನಾನು ಕೆಟ್ಟಿದ್ದು ಆ ಹೆಸರಿನಿಂದಲೇ. ಸಂಕ್ರಾಂತಿ ಕಳೆದು ನಾವಿಬ್ಬರೇ ಒಂದು ಸುತ್ತು ಹೋಗಿ ಬಂದಿದ್ದೆವು. ದಾರಿಯುದ್ದಕ್ಕೂ ಸಿಕ್ಕಿದ್ದು ಬೋರ್ ನೀರು. ಬಕೆಟ್ಟಿನ ತಳದಲ್ಲಿ ಸುಣ್ಣದಂಥ ಬಿಳಿ ಹಕ್ಕಳೆ ಬೀಳತೊಡಗಿತು. ಗೀಸರಿನೊಳಗೆ ಇನ್ನೆಷ್ಟು ಕಟ್ಟಿದೆಯೋ ಅನ್ನಿಸಿತು. ಆಗ ನೆನಪಾಗಿದ್ದು ಅತ್ತೆ ಪ್ರತಿವರ್ಷ ಹೇಳುವ ಕತೆ: ಅಗ್ರಹಾರದ ಹಳೇ ಮನೆ, ನೀರು ತುಂಬುವ ಹಬ್ಬ, ಆಳೆತ್ತರದ ತಾಮ್ರದ ಹಂಡೆಗೆ ಹುಣಸೆಹುಳಿ ಹಚ್ಚಿ ತಿಕ್ಕಿದರೆ ಮುಖ ಕಾಣುವಷ್ಟು ಹೊಳಪು. ನಾನು ಯಾರಿಗೂ ಹೇಳದೆ ಜಾಡಿಯಲ್ಲಿದ್ದ ಹಳೇ ಹುಣಸೆಹಣ್ಣನ್ನು ನೆನೆಸಿ, ಕಿವುಚಿ, ಸರಿಯಾಗಿ ಸೋಸದೆಯೇ, ಗೀಸರಿನ ಮೇಲಿನ ಪೈಪು ಬಿಚ್ಚಿ ಲಾಳಿಕೆ ಇಟ್ಟು ಸುರಿದುಬಿಟ್ಟೆ. ಬೆಳಿಗ್ಗೆ ತೊಳೆದರಾಯಿತು ಎಂಬ ಲೆಕ್ಕ. ಬೆಳಿಗ್ಗೆ ಮಗಳಿಗೆ ನೋವು ಶುರುವಾಗಿದೆಯೆಂದು ಫೋನು ಬಂತು. ಬಾಣಂತನ ಮುಗಿಸಿ ಬರುವಷ್ಟರಲ್ಲಿ ಯಜಮಾನರು ವ್ಯಾನಿಗೆ ಟಾರ್ಪಾಲು ಹೊದಿಸಿದ್ದರು, ನನ್ನ ತಲೆಗೆ ಮರೆವು ಹೊದ್ದುಕೊಂಡಿತ್ತು.

ಎಂಟು ತಿಂಗಳಾದ ಮೇಲೆ, ಬೀದರಿಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆ, ಯಜಮಾನರು ಮನೆಯಿಂದ ವೈರೆಳೆದು ಗೀಸರ್ ಹಾಕಿ ಅತ್ತೆಯನ್ನು ಕರೆದರು. ಅತ್ತೆ ಟವಲು ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಹತ್ತಿರ ಬಂದು ನಿಂತರು. ನಲ್ಲಿ ತಿರುಗಿಸಿದ್ದೇ ತಡ, ಕಂದು ಬಣ್ಣದ ನೀರು, ಅದರ ಹಿಂದೆಯೇ ಕೊಳೆತ ವಾಸನೆ.

"ಇಲಿ ಬಿದ್ದಿದೆ ಕಣೋ ಇದರಲ್ಲಿ" ಎಂದರು ಅತ್ತೆ. ಅಷ್ಟೇ ಹೇಳಿ ಒಳಗೆ ಹೋದರು.

ಯಜಮಾನರು ಮೆಕ್ಯಾನಿಕ್‌ಗೆ ಫೋನು ಮಾಡಿದರು. ಅವರು ಯಾವುದೋ ಮದುವೆಗೆ ಪರವೂರಿಗೆ ಹೋಗಿದ್ದರು. ಫೋನಿನಲ್ಲೇ, ಕರೆಂಟು ಕಿತ್ತು, ಪೂರ್ತಿ ತಣ್ಣಗಾಗಲು ಬಿಟ್ಟು, ಅಡಿಯ ಬಿರಡೆ ಬಿಚ್ಚಿ ನೀರು ಖಾಲಿ ಮಾಡಿ ಎಂದರು. ಅಷ್ಟು ಹೊತ್ತು ಕಾದು ಬಿಚ್ಚಿದರೆ ನಾಲ್ಕು ಹನಿ ಬಿದ್ದು ನಿಂತಿತು. ಪೊರಕೆ ಕಡ್ಡಿ ಹಾಕಿ ತಿವಿದರೆ ಇನ್ನೆರಡು ಹನಿ. ವ್ಯಾನು ನಿಲ್ಲಿಸುವ ಮುಂಚೆ ನೀರು ಖಾಲಿ ಮಾಡಬೇಕಿತ್ತು, ಎಲ್ಲ ತಮ್ಮದೇ ತಪ್ಪು ಎಂದು ಅವರು ನೆಲದ ಮೇಲೆ ಕೂತು ತಮ್ಮನ್ನೇ ಬೈದುಕೊಳ್ಳುತ್ತಿದ್ದರು.

ಒಳಗೆ ಹೋದರೆ ಅತ್ತೆ ಬ್ಯಾಗಿನಿಂದ ಒಂದೊಂದೇ ಬಟ್ಟೆ ತೆಗೆದು ಮಂಚದ ಮೇಲಿಡುತ್ತಿದ್ದರು. ಅಕ್ಕನಿಗೆಂದು ತಂದ ಹಸಿರು ಸೀರೆ ಆಗಲೇ ಬೀರು ಸೇರಿತ್ತು. ಬೇಜಾರಿನ ಮಾತು ಒಂದೂ ಇಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಅತ್ತೆ, ಇಲಿ ಅಲ್ಲ. ಹುಣಸೆಹಣ್ಣು. ನಾನೇ ಹಾಕಿದ್ದು."

ಅವರು ಮಡಿಸುತ್ತಿದ್ದ ಸೀರೆ ಕೆಳಗಿಟ್ಟು ನನ್ನನ್ನೇ ನೋಡಿದರು. "ಯಾವುದು, ಹಳೇದಾ?"

"ಹಳೇದು."

"ಅದಕ್ಕೇ ಜಾಡಿ ಬರಿದಾಗಿದ್ದು. ನಾನು ಆ ಕೆಲಸದವಳೇ ತಗೊಂಡ್ಳು ಅಂದ್ಕೊಂಡ್ಬುಟ್ಟಿದ್ದೆ, ಪಾಪ."

ಹಂಡೆ ತೊಳೆಯುವ ಕತೆ ಅವರೇ ಹೇಳಿದ್ದು ಎಂದು ತೊದಲಿದೆ.

"ಹುಳಿ ಹಚ್ಚಿ ಹಂಗೇ ಬಿಡೋದುಂಟಾ? ಕೈ ಆರೋಕೆ ಮುಂಚೆ ತೊಳೀಬೇಕು ಕಣಮ್ಮ. ಅರ್ಧ ಕತೆ ಕೇಳಿ ಎದ್ದು ಹೋಗಿದ್ದೀಯ ನೀನು."

ಹಾಗೆನ್ನುತ್ತಲೇ ಗೋಡೆ ಹಿಡಿದು ಎದ್ದರು. ಇಲಿಯಲ್ಲ ಅಂದ ಮೇಲೆ ಅವರ ಮುಖದ ಗಂಟು ಸಡಿಲಿತ್ತು. ಹೊರಗೆ ಬಂದು, ಹೊಂಗೆ ಮರದಡಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತು, ಮಗನಿಗೆ ಸುದ್ದಿ ತಿಳಿಸಿದ್ದೂ ಅವರೇ. ಯಜಮಾನರು ನನ್ನ ಕಡೆ ಒಂದು ನೋಟ ನೋಡಿದರು. ಅದರಲ್ಲಿ ಸಿಟ್ಟಿಗಿಂತ ತಪ್ಪಿಸಿಕೊಂಡ ಖುಷಿಯೇ ಹೆಚ್ಚಿತ್ತು.

"ಎಣ್ಣೆ ಡಬ್ಬಕ್ಕೆ ಎಷ್ಟು ತೂತು ಮಾಡ್ತೀವೋ?" ಎಂದು ಕೇಳಿದರು ಅತ್ತೆ.

"ಎರಡು."

"ಒಂದೇ ಮಾಡಿದ್ರೆ?"

ಯಜಮಾನರು ವ್ಯಾನಿನೊಳಗೆ ಹತ್ತಿ, ಗಾಳಿ ಒಳಹೋಗಲೆಂದು ಬಿಸಿನೀರಿನ ನಲ್ಲಿ ಪೂರ್ತಿ ತೆರೆದು, ಗೀಸರಿನ ನೆತ್ತಿಯ ಸಣ್ಣ ವಾಲ್ವು ಎತ್ತಿ ಹಿಡಿದರು. ಒಳಗೆ ಗುಳುಗುಳು ಅಂದಿತು. ನಾನು ಕೆಳಗಿನಿಂದ ಕಡ್ಡಿ ಹಾಕಿ ತಿರುವಿದೆ. ಒಂದು ಹಿಡಿ ನಾರು, ಅದರ ನಡುವೆ ಮಿರುಗುವ ಒಂದು ಹುಣಸೆಬೀಜ ಹೊರಗೆ ಚಿಮ್ಮಿತು. ಹಿಂದೆಯೇ ಅಷ್ಟೂ ನೀರು ಚರಂಡಿಯತ್ತ ಓಡಿತು. ಅದರೊಂದಿಗೆ ಕೊಬ್ಬರಿ ಚೂರಿನಂಥ ಬಿಳಿ ಹಕ್ಕಳೆ ರಾಶಿ ರಾಶಿ. ಅದನ್ನು ಕಂಡು ಅತ್ತೆ, ಮಾಡಿದ್ದು ಸರಿಯಾಗೇ ಇದೆ, ಮುಗಿಸದೆ ಬಿಟ್ಟಿದ್ದೇ ತಪ್ಪು ಎಂದು ತೀರ್ಪು ಕೊಟ್ಟರು.

ಆಮೇಲೆ ತುಂಬಿಸು, ಖಾಲಿ ಮಾಡು, ತುಂಬಿಸು. ಪ್ರತಿಸಲವೂ ಒಂದು ಚೊಂಬು ನೀರು ಅವರ ಮೂಗಿನ ಮುಂದೆ ಹಾಜರಾಗಬೇಕು. ಐದು ಸಲ ಬೇಡವೆಂದು ತಲೆಯಾಡಿಸಿದರು. ಆರನೆಯದಕ್ಕೆ ಬೆರಳದ್ದಿ ಕಣ್ಣಿಗೊತ್ತಿಕೊಂಡರು. ಬಿರಡೆ ಬಿಗಿಯಾಯಿತು. ಟ್ಯಾಂಕು ತುಂಬಿ ನಲ್ಲಿಯಲ್ಲಿ ಗಾಳಿಯಿಲ್ಲದೆ ನೀರು ಬರುವವರೆಗೂ ಸ್ವಿಚ್ಚು ಮುಟ್ಟಬೇಡಿ ಎಂದು ಮೆಕ್ಯಾನಿಕ್ ಹೇಳಿದ್ದನ್ನೂ ತಪ್ಪದೆ ಪಾಲಿಸಿದೆವು.

ನಾಲ್ಕು ಗಂಟೆಗೆ ಅತ್ತೆ ಕಂಬಿ ಹಿಡಿದು ವ್ಯಾನಿನ ಬಚ್ಚಲಿಗೆ ಹೋದರು. ಬೆಳಿಗ್ಗೆ ಮನೆಯ ಬಚ್ಚಲಲ್ಲಿ ಆಗಿದ್ದರಿಂದ ಅದು ಆ ದಿನದ ಎರಡನೇ ಸ್ನಾನ. ನಾವಿಬ್ಬರೂ ಬಾಗಿಲ ಹೊರಗೆ, ಪರೀಕ್ಷೆ ಬರೆದವರ ಹಾಗೆ ನಿಂತೆವು. ನೀರು ಬೀಳುವ ಸದ್ದು. ಸ್ವಲ್ಪ ಹೊತ್ತಿಗೆ ಹಾಡಿನಂಥ ಗುನುಗು. ನನ್ನ ಎದೆಯ ಮೇಲಿದ್ದ ಕಲ್ಲು ಇಳಿದಿದ್ದು ಆಗ. ಯಜಮಾನರು ಮೆಟ್ಟಿಲ ಮೇಲೇ ಕುಸಿದು ಕೂತು ನಕ್ಕರು.

ಅತ್ತೆ ಕೂದಲಿಗೆ ಟವಲು ಸುತ್ತಿಕೊಂಡು ಇಳಿದು ಬಂದು, ಹಸಿರು ಸೀರೆ ತಂದು ಬ್ಯಾಗಿಗೆ ಹಾಕು ಎಂದರು. ಹಾಕಿದೆ. ದಾರಿಯಲ್ಲಿ ಸಾರಿಗೆ ಹುಣಸೆಹಣ್ಣು ತಗೊಂಡಿದ್ದೀಯಾ ಎಂದು ಕೇಳಿದರು. ತಗೊಂಡಿದ್ದೇನೆ ಎಂದೆ.

"ಆ ಡಬ್ಬಿ ನನ್ನ ಹತ್ರ ಇರ್ಲಿ, ಕೊಡು."

ಬೀದರ್ ಮುಟ್ಟುವವರೆಗೂ ಅದು ಅವರ ಮಡಿಲಲ್ಲೇ ಇತ್ತು.